ಸ್ಕೂಲ್ ಬಸ್ ನಿಂತಿದೆ, ನೀವೂ ನಿಲ್ಲಿಸಿ

ಮುಂದೆ ಹೋಗುತ್ತಿರುವ ಆ ಹಳದಿ ಬಸ್ ನೋಡಿ. ಮೊದಲು ಹಳದಿ ದೀಪ ಮಿಣುಕುತ್ತದೆ, ಈಗ ನಿಲ್ಲಿಸುತ್ತೇನೆ ಅಂತ. ಆಮೇಲೆ ಕೆಂಪು ದೀಪ. ಎಡಮಗ್ಗುಲಿಂದ ಸ್ಟಾಪ್ ಬೋರ್ಡ್ ಹೊರಗೆ ಚಾಚಿಕೊಳ್ಳುತ್ತದೆ, ಮುಂದಿನ ಬಂಪರ್‌ನಿಂದ ಒಂದು ಉದ್ದ ಕಂಬಿ ತಿರುಗಿ ಬರುತ್ತದೆ. ಆ ಕಂಬಿ ಯಾಕೆ ಗೊತ್ತಾ? ಪುಟ್ಟ ಮಕ್ಕಳು ಬಸ್ಸಿನ ಮೂತಿಗೆ ಅಂಟಿಕೊಂಡು ನಡೆದರೆ ಡ್ರೈವರ್‌ಗೆ ಕಾಣುವುದೇ ಇಲ್ಲ, ಅದಕ್ಕೆ ಅವರು ಸ್ವಲ್ಪ ದೂರದಿಂದ ಸುತ್ತಿ ಬರಲಿ ಅಂತ.

ನಾವಿರುವುದು ಡಲ್ಲಾಸ್ ಕಡೆ. ಟೆಕ್ಸಾಸ್ ಕಾನೂನಿನ ಪ್ರಕಾರ ಎದುರಿನಿಂದ ಬರುವವರೂ ನಿಲ್ಲಬೇಕು. ಊರಿಂದ ಹೊಸದಾಗಿ ಬಂದವರು ಎಡವುವುದು ಇಲ್ಲೇ. ನಡುವೆ ಡಿವೈಡರ್ ಇದ್ದರೆ ಎದುರು ಬದಿಯವರು ಹೋಗಬಹುದು, ಸರಿ. ಆದರೆ ನಡುವೆ ಬರೀ ಎಡಕ್ಕೆ ತಿರುಗುವ ಲೇನ್ ಇದ್ದರೆ ಅದು ಡಿವೈಡರ್ ಅಲ್ಲ, ನಿಲ್ಲಲೇಬೇಕು. ಮೊದಲ ಸಲ ತಪ್ಪಿದರೆ ದಂಡ 500ರಿಂದ 1,250 ಡಾಲರ್, ಡಿಫೆನ್ಸಿವ್ ಡ್ರೈವಿಂಗ್ ಅಂದರೆ ಹುಷಾರಾಗಿ ಗಾಡಿ ಓಡಿಸೋದು ಕಲಿಸುವ ಕ್ಲಾಸ್ ಮಾಡಿ ತಪ್ಪಿಸಿಕೊಳ್ಳೋಕೂ ಆಗಲ್ಲ.

ಪ್ರತಿ ಬಸ್ಸಿನ ಹಿಂದೆ ಪೊಲೀಸರು ಇರೋಕಾಗಲ್ಲ ಅಲ್ವಾ, ಅದಕ್ಕೆ ಬಸ್ಸಿಗೇ ಕ್ಯಾಮೆರಾ. ಒಳ್ಳೆಯ ಯೋಚನೆಯೇ. ಆದರೆ ಡಲ್ಲಾಸ್‌ನಲ್ಲಿ ಏನಾಯಿತು ಕೇಳಿ. ಇಲ್ಲಿ ಡಲ್ಲಾಸ್ ಕೌಂಟಿ ಸ್ಕೂಲ್ಸ್ ಅಂತ ಒಂದು ಸರ್ಕಾರಿ ಸಂಸ್ಥೆ ಇತ್ತು, ಶಾಲೆಗಳಿಗೆ ಬಸ್ ಓಡಿಸುತ್ತಿತ್ತು. ಅವರು ಕ್ಯಾಮೆರಾಗೆ ಕೋಟಿಗಟ್ಟಲೆ ಡಾಲರ್ ಸುರಿದರು, ದಂಡದ ದುಡ್ಡಲ್ಲಿ ಎಲ್ಲ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡು. ಬರಲಿಲ್ಲ. ಸಂಸ್ಥೆ ಸಾಲದಲ್ಲಿ ಮುಳುಗಿತು, 2017ರ ನವೆಂಬರ್‌ನಲ್ಲಿ ಜನರೇ ವೋಟ್ ಹಾಕಿ ಮುಚ್ಚಿಸಿದರು. ಮರುವರ್ಷ ಅದರ ಮುಖ್ಯಸ್ಥರಾಗಿದ್ದ ರಿಕ್ ಸೊರೆಲ್ಸ್, ಕ್ಯಾಮೆರಾ ಕಂಪನಿ ಕಡೆಯಿಂದ 30 ಲಕ್ಷ ಡಾಲರ್‌ಗೂ ಜಾಸ್ತಿ ಲಂಚ ತಿಂದಿದ್ದನ್ನು ಕೋರ್ಟ್‌ನಲ್ಲಿ ಒಪ್ಪಿಕೊಂಡರು. ಸಿಟಿ ಕೌನ್ಸಿಲ್‌ನ ಡ್ವೇನ್ ಕ್ಯಾರವೇ ಕೂಡ ಇದೇ ಲಂಚದ ಕೇಸಲ್ಲಿ ಜೈಲಿಗೆ ಹೋದರು.

ಮಕ್ಕಳ ಜೀವ ಕಾಯುವ ಕೆಲಸ ಇದು, ಅದರಲ್ಲೂ ತಿಂದರಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಂತ ಕ್ಯಾಮೆರಾನೇ ಬೇಡ ಅನ್ನುವವರ ಮಾತು ನಾನು ಒಪ್ಪಲ್ಲ. ಕ್ಯಾಮೆರಾ ಬೇಕು. ಆದರೆ ಕಂಪನಿಗೆ ಒಂದೊಂದು ದಂಡದ ಟಿಕೆಟ್‌ಗೆ ಇಷ್ಟು ಪಾಲು ಅಂತ ಕೊಡಬೇಡಿ, ತಿಂಗಳಿಗಿಷ್ಟು ಬಾಡಿಗೆ ಅಂತ ಕೊಡಿ, ಆಗ ಜನ ಸರಿಯಾಗಿ ನಿಲ್ಲಿಸಿದರೆ ಯಾರಿಗೂ ನಷ್ಟ ಇಲ್ಲ. ಇನ್ನು ಹೊಸದಾಗಿ ಲೈಸೆನ್ಸ್ ತಗೊಂಡವರು, ಮಕ್ಕಳು ದಾಟಿದರು ಅಂತ ಹೊರಟುಬಿಡಬೇಡಿ. ಕೆಂಪು ದೀಪ ಆರಬೇಕು, ಇಲ್ಲ ಬಸ್ ಹೊರಡಬೇಕು, ಇಲ್ಲ ಬಸ್ ಡ್ರೈವರೇ ಹೋಗಿ ಅಂತ ಸನ್ನೆ ಮಾಡಬೇಕು. ಹಿಂದಿನವರು ಹಾರ್ನ್ ಹೊಡೆದರೆ ಹೊಡೀಲಿ ಬಿಡಿ.