ಬುರುಡೆ ಸಿನಿಮಾಕ್ಕೆ ನಾಚಿಕೆ ಏಕೆ?

ಕೇಳುಗ ಬಂಧುಗಳಿಗೆ ನಮಸ್ಕಾರ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ವಿಜ್ಞಾನದ ಬಗ್ಗೆ ಮಾತನಾಡಿ ಎಂದು ಕರೆ ಬಂದಾಗ, ಅನ್ಯಗ್ರಹದ ಬೇಟೆಗಾರ, ಸಾಯದ ರೋಬೋಟ್, ಭೂಮಿಗೆ ಬಡಿಯಲು ಬರುವ ಬಂಡೆ, ಇವುಗಳ ಸಿನಿಮಾ ಬಗ್ಗೆ ಮಾತನಾಡುತ್ತೇನೆ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ ಒಪ್ಪಿದರು. ಅವರ ಧೈರ್ಯಕ್ಕೆ ಕೃತಜ್ಞತೆಗಳು.

ಈಗ ರೇಡಿಯೊ ಮುಂದೆ ಯಾರಿದ್ದೀರಿ ಎಂಬ ಅಂದಾಜು ನನಗಿದೆ. ಅಡಿಕೆ ಸುಲಿಯುತ್ತಿರುವವರು, ಕಾಯಿ ತುರಿಯುತ್ತಿರುವವರು, ಅಂಗಡಿಯ ಬಾಗಿಲು ಹಾಕುವ ಮುಂಚೆ ಲೆಕ್ಕ ಬರೆಯುತ್ತಿರುವವರು. ನಿಮ್ಮಲ್ಲಿ ಬಹಳ ಜನ ಇಂಥ ಸಿನಿಮಾ ನೋಡುತ್ತೀರಿ. ಕೇಳಿದರೆ ಮಾತ್ರ, "ಮಕ್ಕಳು ಹಾಕಿದ್ದರು, ನಾನು ಸುಮ್ಮನೆ ಕುಳಿತಿದ್ದೆ" ಎನ್ನುತ್ತೀರಿ. ಮಕ್ಕಳು ಬೆಂಗಳೂರು ಸೇರಿ ವರ್ಷಗಳಾದವರೂ ಇದನ್ನೇ ಹೇಳುತ್ತಾರೆ! ನಾಚಿಕೆ ಬೇಡ ಎಂದು ಹೇಳಲಿಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಸುಳ್ಳು ಎಂದು ಗೊತ್ತಿದ್ದೂ ಖುಷಿಪಡಬಹುದು.

ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಈ ನಾಚಿಕೆ ಒಂದು ತೂಕ ಹೆಚ್ಚು. ಕಾರಣವೂ ಇದೆ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಕೆ. ವಿ. ಸುಬ್ಬಣ್ಣನವರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತಂದು ಹಳ್ಳಿಯವರಿಗೆ ತೋರಿಸಿದರು. ಅಂಥ ಸೀಮೆಯಲ್ಲಿ ಹುಟ್ಟಿ, ಮೈತುಂಬ ಸ್ನಾಯು ಇರುವ ಒಬ್ಬ ಮನುಷ್ಯ ಕಾಡಿನಲ್ಲಿ ಭೂತದ ಜೊತೆ ಗುದ್ದಾಡುವುದನ್ನು ನೋಡುತ್ತೇನೆ ಎಂದು ಒಪ್ಪಿಕೊಳ್ಳುವುದು ಕಷ್ಟ. ನಾನು ಒಪ್ಪಿಕೊಳ್ಳುತ್ತೇನೆ. ಶ್ರೇಷ್ಠ ಚಿತ್ರಗಳನ್ನೂ ನೋಡಿದ್ದೇನೆ, ಇವನ್ನೂ ನೋಡಿದ್ದೇನೆ, ಇವನ್ನು ಸ್ವಲ್ಪ ಹೆಚ್ಚೇ ನೋಡಿದ್ದೇನೆ.

ಕಾಡಿನ ಆ ಸಿನಿಮಾ 1987ರ 'ಪ್ರಿಡೇಟರ್'. ಅದನ್ನು ನಾನು ಮೊದಲು ನೋಡಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ, ಗಣಪತಿ ಹಬ್ಬದ ರಾತ್ರಿ. ಆಗ ಪೇಟೆಯಿಂದ ಟಿವಿ, ವಿಡಿಯೊ ಕ್ಯಾಸೆಟ್ ಹಾಕುವ ವಿಸಿಪಿಗಳನ್ನು ಬಾಡಿಗೆಗೆ ತಂದು ಬೆಳಗಿನವರೆಗೆ ಸಿನಿಮಾ ಹಾಕುತ್ತಿದ್ದರು. ಮೊದಲು ರಾಜಕುಮಾರ್ ಚಿತ್ರ. ಹೆಂಗಸರು, ಮಕ್ಕಳು ಎಲ್ಲರಿಗೂ. ಆಮೇಲೆ, ಅರ್ಧ ಜನ ನಿದ್ದೆಹೋದ ಮೇಲೆ, ಇಂಗ್ಲಿಷ್ ಚಿತ್ರ. ಅಲ್ಲಿ ಇಂಗ್ಲಿಷ್ ಯಾರಿಗೆ ಬರುತ್ತಿತ್ತು? ನಮ್ಮ ಚಿಕ್ಕಪ್ಪ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದರು. ಅವರಿಗೂ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಕಥೆ ಎಲ್ಲಿಯೂ ನಿಲ್ಲಲಿಲ್ಲ.

ಆ ಚಿತ್ರದಲ್ಲಿ ಬೇರೆ ಲೋಕದಿಂದ ಬಂದ ಬೇಟೆಗಾರ ಸೈನಿಕರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಅವನ ಕಣ್ಣಿಗೆ ಕಾಣುವುದು ಮೈಯ ಶಾಖ. ಕೊನೆಗೆ ಉಳಿದ ನಾಯಕ ಅರ್ನಾಲ್ಡ್ ಶ್ವಾರ್ಜ್‌ನೆಗರ್ ನೀರಿಗೆ ಬಿದ್ದು, ದಡದ ಕೆಸರಿನಲ್ಲಿ ತೆವಳಿಕೊಂಡು ಮೇಲೆ ಬರುತ್ತಾನೆ. ಬೇಟೆಗಾರ ಹತ್ತಿರವೇ ಬಂದರೂ ಅವನಿಗೆ ಇವನು ಕಾಣುವುದಿಲ್ಲ. "ಕೆಸರಿನ ತಂಪು ಮೈಯ ಬಿಸಿಯನ್ನು ಮುಚ್ಚಿತು" ಎಂದು ಚಿಕ್ಕಪ್ಪ ಘೋಷಿಸಿದರು. ಇದೊಂದನ್ನು ಸರಿಯಾಗಿಯೇ ಊಹಿಸಿದ್ದರು.

ಹಿಂದಿನ ಸಾಲಿನಲ್ಲಿ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಕುಳಿತಿದ್ದರು. ಆಕೆ ಎದ್ದು ನಿಂತು ಕೇಳಿದರು: "ಗೌಡರೇ, ಮಳೆಗಾಲವಿಡೀ ಕೆಸರಿನಲ್ಲಿ ನಿಲ್ಲುವವಳು ನಾನು. ಕೈಗೆ ಮೆತ್ತಿದ ಕೆಸರು ಸ್ವಲ್ಪ ಹೊತ್ತಿಗೇ ಬೆಚ್ಚಗಾಗುತ್ತದೆ. ಆಮೇಲೆ ಅವನು ಕಾಣುವುದಿಲ್ಲವೇ?"

ಚಿಕ್ಕಪ್ಪನ ಬಾಯಿ ಕಟ್ಟಿತು. ಸರಿಯಾದ ಪ್ರಶ್ನೆ! ಮೈಯ ಶಾಖ ಕೆಸರಿಗೆ ಇಳಿಯುತ್ತದೆ, ಕೆಸರಿನ ಹೊರಮೈ ಬಿಸಿಯಾಗುತ್ತದೆ, ಶಾಖ ನೋಡುವ ಕಣ್ಣಿಗೆ ಮನುಷ್ಯ ಮತ್ತೆ ಕಾಣುತ್ತಾನೆ. ನಾನು ತರಗತಿಯಲ್ಲಿ ಒಂದು ಗಂಟೆ ತೆಗೆದುಕೊಂಡು ಹೇಳುತ್ತಿದ್ದ ಪಾಠವನ್ನು ಆಕೆ ಗದ್ದೆಯಲ್ಲಿ ಕಲಿತಿದ್ದರು. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಅದಲ್ಲ. ಆಕೆ ಕುಳಿತುಕೊಂಡು ಮುಂದೆ ಏನು ಹೇಳಿದರು ಎಂಬುದು. "ಇರಲಿ, ಆ ಕೆಸರಿನ ಭಾಗ ಇನ್ನೊಮ್ಮೆ ಹಾಕಿ" ಎಂದರು. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಆಕೆ ಮೊದಲಿಗಿಂತ ಜೋರಾಗಿ ನಕ್ಕರು.

ತಪ್ಪು ಕಂಡಿತು, ಖುಷಿ ಹೆಚ್ಚಾಯಿತು. ನನಗೆ ಬೇಕಾದ ಪ್ರೇಕ್ಷಕಿ ಆಕೆ. "ಲಾಜಿಕ್ ಇಲ್ಲ" ಎಂದು ಮುಖ ಗಂಟು ಹಾಕಿಕೊಳ್ಳುವ ನನ್ನ ಕೆಲವು ಮಿತ್ರರಿದ್ದಾರೆ. ದಯವಿಟ್ಟು ಕ್ಷಮಿಸಿ, ಅವರ ಪಕ್ಕದಲ್ಲಿ ಕುಳಿತು ಸಿನಿಮಾ ನೋಡಲು ನನ್ನಿಂದಾಗದು. ಅವರೇ ಯಕ್ಷಗಾನಕ್ಕೆ ಹೋದರೆ, ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಒಳಗಿರುವವರು ಪಕ್ಕದೂರಿನವರು ಎಂದು ಗೊತ್ತಿದ್ದೂ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಬೇಡದ ಲಾಜಿಕ್ ಇಲ್ಲಿ ಮಾತ್ರ ಏಕೆ?

ಸಮಯ ಓಡುತ್ತಿದೆ, ಸದ್ದಿನ ವಿಷಯವನ್ನು ಬೇಗ ಹೇಳುತ್ತೇನೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಆದರೂ 1977ರ 'ಸ್ಟಾರ್ ವಾರ್ಸ್'ನಲ್ಲಿ ಶತ್ರುಗಳ ನೌಕೆಗಳು ಚೀರುತ್ತ ಹಾರುತ್ತವೆ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಆ ಚೀರಾಟವನ್ನು ಹೇಗೆ ಮಾಡಿದರು ಗೊತ್ತೇ? ಆನೆಯ ಘೀಳಿಗೆ ಒದ್ದೆ ರಸ್ತೆಯಲ್ಲಿ ಹೋಗುವ ಕಾರಿನ ಸದ್ದು ಸೇರಿಸಿದರು. ಸಕ್ರೆಬೈಲಿನ ಬಿಡಾರದಲ್ಲಿ ಆನೆ, ಆಗುಂಬೆಯಲ್ಲಿ ಒದ್ದೆ ರಸ್ತೆ. ಎರಡೂ ನಮ್ಮ ಜಿಲ್ಲೆಯ ಸರಕು, ಹೆಸರು ಮಾತ್ರ ಅಮೆರಿಕದವರಿಗೆ ಹೋಯಿತು!

ಇನ್ನು ಬಂಡೆ. 1998ರ 'ಆರ್ಮಗೆಡನ್'ನಲ್ಲಿ ಟೆಕ್ಸಾಸ್ ರಾಜ್ಯದಷ್ಟು ದೊಡ್ಡ ಕ್ಷುದ್ರಗ್ರಹ ಬರುತ್ತಿದೆ ಎಂದು ತಿಳಿಯುವುದು ಕೇವಲ 18 ದಿನ ಮುಂಚೆ. ಕುರುಕ್ಷೇತ್ರ ಯುದ್ಧಕ್ಕೆ ಸಿಕ್ಕಷ್ಟೇ ಸಮಯ. ಕ್ಷುದ್ರಗ್ರಹಗಳ ಪಟ್ಟಿಯಲ್ಲೇ ಅತಿ ದೊಡ್ಡದಾದ, ಸುಮಾರು 940 ಕಿಲೋಮೀಟರ್ ಅಗಲದ ಸೀರಿಸನ್ನು ಮನುಷ್ಯ 1801ರಲ್ಲೇ ದೂರದರ್ಶಕದಲ್ಲಿ ಕಂಡಿದ್ದ; ಅದಕ್ಕಿಂತ ದೊಡ್ಡದು ಯಾರ ಕಣ್ಣಿಗೂ ಬೀಳದೆ ಹತ್ತಿರ ಬರುವುದುಂಟೇ? ನಿಜವಾದ ಕೆಲಸ 2022ರಲ್ಲಿ ಆಯಿತು. ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಒಂದು ಪುಟ್ಟ ಕ್ಷುದ್ರಗ್ರಹಕ್ಕೆ ಡಿಕ್ಕಿ ಹೊಡೆದು, ಅದು ತನ್ನ ಜೊತೆಗಾರ ಬಂಡೆಯನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಯಷ್ಟು ಕಡಿಮೆ ಮಾಡಿತು. ಬಾಂಬ್ ಇಲ್ಲ, ವೀರಮರಣ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ವಿಜ್ಞಾನಿಯಾಗಿ ಕುಣಿದಾಡಿದೆ. ಪ್ರೇಕ್ಷಕನಾಗಿ ನನಗೆ ಆ ಬುರುಡೆಯೇ ಬೇಕು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ರೋಬೋಟ್‌ಗಳ ಮಾತು ಉಳಿದೇ ಹೋಯಿತು. ಕನ್ನಡದಲ್ಲೇ 2002ರಲ್ಲಿ ಉಪೇಂದ್ರ ಅವರು ರೋಬೋಟ್ ಆದ 'ಹಾಲಿವುಡ್' ಇದೆ, ನೀವೇ ಹುಡುಕಿ ನೋಡಿ. ನೋಡುವಾಗ ಪಕ್ಕದ ಮನೆಯವರು ಬಂದರೆ ಚಾನೆಲ್ ಬದಲಿಸಬೇಡಿ, ಅವರಿಗೂ ಒಂದು ಕುರ್ಚಿ ಹಾಕಿ. ನಮಸ್ಕಾರ.