ಒಂದೇ ತಂತಿ, ಎರಡು ಕಂಪ್ಯೂಟರ್

ಕೇಳುಗರೆಲ್ಲರಿಗೂ ನಮಸ್ಕಾರ. ಒಂದು ಕಂಪ್ಯೂಟರಿಗೆ ಬಂದ ಇಂಟರ್ನೆಟ್ಟನ್ನು ಇನ್ನೊಂದಕ್ಕೆ ಹಂಚುವುದು ಹೇಗೆಂಬುದು ಇವತ್ತಿನ ಮಾತು.

ಮಳೆಗಾಲ ಹಿಂದೆ ಸರಿಯುವ ಹೊತ್ತಿನ ಗುಡುಗು ಹೇಗಿರುತ್ತದೆಂದು ಶಿರಸಿ ಸೀಮೆಯವರಿಗೆ ಹೇಳಬೇಕಿಲ್ಲ. ಮಧ್ಯಾಹ್ನದವರೆಗೆ ಸುಡುಬಿಸಿಲು, ನಾಲ್ಕಕ್ಕೆ ಮೋಡ, ಐದಕ್ಕೆ ಸಿಡಿಲು. ಅಂಥ ಒಂದು ಸಂಜೆ ನಮ್ಮ ಮನೆಯ ರೂಟರ್, ಅಂದರೆ ಒಂದು ಲೈನನ್ನು ಮನೆಯವರಿಗೆಲ್ಲ ವೈಫೈಯಾಗಿ ಹಂಚುವ ಡಬ್ಬಿ, ಸುಟ್ಟುಹೋಯಿತು. ಪ್ಲಗ್ ಕೀಳಲು ನಾನೇ ಮರೆತಿದ್ದೆ. ಹತ್ತಿರ ಹೋದರೆ ಕಮಟು ವಾಸನೆ, ಒಂದು ದೀಪವೂ ಇಲ್ಲ. ಪಕ್ಕದಲ್ಲಿದ್ದ ಫೈಬರ್ ಲೈನಿನ ಪೆಟ್ಟಿಗೆ ಮಾತ್ರ ಹಸಿರಾಗಿ ಮಿನುಗುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಿಡಿಲು ಒಳಗೆ ಬಂದದ್ದು ಕರೆಂಟಿನ ತಂತಿ ಹಿಡಿದು. ಪೆಟ್ಟಿಗೆಯ ಅಡಾಪ್ಟರ್ ಬೇರೆ ಕೋಣೆಯ ಸಾಕೆಟ್ಟಿನಲ್ಲಿತ್ತು, ಹೇಗೋ ಉಳಿಯಿತು.

ಮರುದಿನ ಅಣ್ಣನ ಮಗಳಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕಡೆಯ ದಿನ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಪೆಟ್ಟಿಗೆಯಿಂದ ಬರುವ ಲ್ಯಾನ್ ತಂತಿಯನ್ನು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸೋಣವೆಂದರೆ ಅವಳದು ಹೊಸ ತೆಳ್ಳನೆಯದು, ಆ ತಂತಿ ಹೋಗುವ ತೂತೇ ಅದಕ್ಕಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಇತ್ತು. ಆದರೆ ಅವಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಇದ್ದದ್ದು ಅವಳದರಲ್ಲಿ.

2020ರಲ್ಲಿ ನಮ್ಮ ಕಡೆಯ ಮಕ್ಕಳು ಗುಡ್ಡದ ನೆತ್ತಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಆನ್‌ಲೈನ್ ಪಾಠ ಕೇಳಿದ್ದನ್ನು ನಾನು ಮರೆತಿಲ್ಲ. ಈಗ ಮನೆಬಾಗಿಲಿಗೆ ಲೈನು ಬಂದಿದೆ. ಒಂದು ಡಬ್ಬಿ ಸುಟ್ಟಿತೆಂದು ಅವರು ಮತ್ತೆ ಗುಡ್ಡ ಹತ್ತುವಂತಾಗಬಾರದು. ಅದಕ್ಕೇ ಈ ಮಾತು.

ರೂಟರ್ ಮಾಡುವ ಕೆಲಸವನ್ನು ಲ್ಯಾಪ್‌ಟಾಪೇ ಮಾಡಬಲ್ಲದು. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಆಂಡ್ ಇಂಟರ್ನೆಟ್ ಒಳಗೆ ಮೊಬೈಲ್ ಹಾಟ್‌ಸ್ಪಾಟ್ ಹುಡುಕಿ. ಹೆಸರು ಮೊಬೈಲಿನದಾದರೂ ಕೆಲಸ ಕಂಪ್ಯೂಟರಿನದೇ. ಎಲ್ಲಿಂದ ಹಂಚಬೇಕು ಎಂಬಲ್ಲಿ ಈಥರ್ನೆಟ್ (ಅಂದರೆ ಲ್ಯಾನ್ ತಂತಿ), ಯಾವುದರ ಮೂಲಕ ಎಂಬಲ್ಲಿ ವೈಫೈ ಆರಿಸಿ. ಒಂದು ಹೆಸರು ಕೊಡಿ, ಕನಿಷ್ಠ 8 ಅಕ್ಷರದ ಪಾಸ್‌ವರ್ಡ್ ಕೊಡಿ, ಗುಂಡಿ ಒತ್ತಿ. ಇನ್ನೊಂದು ಕಂಪ್ಯೂಟರಿನ ವೈಫೈ ಪಟ್ಟಿಯಲ್ಲಿ ಆ ಹೆಸರು ಕಾಣುತ್ತದೆ. ಹೀಗೆ 8 ಸಾಧನಗಳವರೆಗೆ ಸೇರಿಸಬಹುದು. ಮ್ಯಾಕ್‌ನಲ್ಲಿ ಇದಕ್ಕೆ ಇಂಟರ್ನೆಟ್ ಶೇರಿಂಗ್ ಎನ್ನುತ್ತಾರೆ. ವಿಂಡೋಸ್ ಬದಲು ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ವೈಫೈ ಸೆಟ್ಟಿಂಗ್ಸ್ ಒಳಗೇ ಹಾಟ್‌ಸ್ಪಾಟ್ ಇದೆ.

ಒಳಗೆ ನಡೆಯುವುದೇನು? ನಮ್ಮ ಊರುಗಳಲ್ಲಿ ತೋಟದಾಚೆಯ ಮನೆಗಳ ಕಾಗದವನ್ನು ಅಂಚೆಯವರು ರಸ್ತೆಬದಿಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದರಲ್ಲ, ಹಾಗೆ. ತಂತಿ ಇರುವ ಕಂಪ್ಯೂಟರೇ ಆ ಅಂಗಡಿ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ 192.168.137.1 ಎಂಬ ವಿಳಾಸ ತಾನಿಟ್ಟುಕೊಂಡು, ಇನ್ನೊಂದಕ್ಕೆ ಅದೇ ಸಾಲಿನ ಬೇರೆ ಸಂಖ್ಯೆ ಕೊಡುತ್ತದೆ. ಆ ಇನ್ನೊಂದು ಕೇಳಿದ್ದನ್ನು ಈ ಅಂಗಡಿ ತನ್ನ ಹೆಸರಿನಲ್ಲಿ ಹೊರಗೆ ಕಳಿಸಿ, ಬಂದ ಉತ್ತರವನ್ನು ಯಾರದೆಂದು ನೋಡಿ ತಲುಪಿಸುತ್ತದೆ. 1999ರ ವಿಂಡೋಸ್ 98ರ ಎರಡನೇ ಆವೃತ್ತಿಯಿಂದಲೇ ಸಂಪರ್ಕ ಹಂಚುವ ಈ ಸೌಲಭ್ಯವಿದೆ. ಆಗ ಇಷ್ಟು ಸುಲಭವಿರಲಿಲ್ಲ, ಅಷ್ಟೇ.

ಅಂಗಡಿ ಮುಚ್ಚಿದರೆ ಕಾಗದವಿಲ್ಲ. ತಂತಿಯ ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಇನ್ನೊಂದರಲ್ಲಿ ಇಂಟರ್ನೆಟ್ ಕಡಿಯುತ್ತದೆ. ಚಾರ್ಜರ್ ಹಾಕಿಡಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ನಿದ್ದೆಯ ಅವಧಿ ತೆಗೆಯಿರಿ, ಮುಚ್ಚಳ ಮುಚ್ಚಬೇಡಿ. ಯಾರೂ ಸೇರದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆರುವ ಆಯ್ಕೆಯೂ ಇದೆ, ಅದನ್ನೂ ನೋಡಿಕೊಳ್ಳಿ. ಯೂಸರ್‌ನೇಮ್ ಹೊಡೆದು ಡಯಲ್ ಮಾಡುವ ಸಂಪರ್ಕವಾದರೆ ಈ ಗುಂಡಿ ಕೆಲವೊಮ್ಮೆ ಒಪ್ಪುವುದಿಲ್ಲ. ಆಗ ಆ ಸಂಪರ್ಕದ ಪ್ರಾಪರ್ಟೀಸ್‌ನ ಶೇರಿಂಗ್ ಪುಟದಲ್ಲಿ ಟಿಕ್ ಹಾಕಿ ನೋಡಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ವೈಫೈಯೇ ಇರುವುದಿಲ್ಲ, ಅದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಬೇಕು.

ನಮ್ಮ ಮನೆಗಳ ಗೋಡೆಯ ಮಾತನ್ನು ಬೇರೆಯಾಗಿ ಹೇಳಬೇಕು. ಚಿರೆಕಲ್ಲಿನ ದಪ್ಪ ಗೋಡೆ, ಅದರಲ್ಲೂ ಮಳೆಗೆ ನೆನೆದದ್ದು, ಅಲೆಗಳನ್ನು ಹೀರುತ್ತದೆ. ಹಾಟ್‌ಸ್ಪಾಟಿನಲ್ಲಿ ಬ್ಯಾಂಡ್, ಅಂದರೆ ಅಲೆಯ ಬಗೆ, ಆರಿಸುವಲ್ಲಿ 2.4 ಗಿಗಾಹರ್ಟ್ಸ್ ಇಡಿ. 5ರದು ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ.

ಅವತ್ತು ನಾನು ಲ್ಯಾಪ್‌ಟಾಪನ್ನು ಕಬ್ಬಿಣದ ಕಪಾಟಿನ ಪಕ್ಕ ಇಟ್ಟಿದ್ದೆ. ಆಚೆ ಕೋಣೆಯಲ್ಲಿ ಹುಡುಗಿಗೆ ಒಂದೇ ಗೆರೆ. ಅಂಕಪಟ್ಟಿ ಅರ್ಧ ಏರಿ ನಿಲ್ಲುತ್ತಿತ್ತು. ತಂತಿ ಎಟಕುವಷ್ಟು ದೂರ ಎಳೆದು, ಎರಡೂ ಕೋಣೆಗೆ ಕಾಣುವ ಹಾಗೆ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟೆ. ಗೆರೆ ಮೂರಾಯಿತು. ಹೊರಗೆ ಮತ್ತೆ ಮೋಡ ಕಟ್ಟುತ್ತಿತ್ತು.

"ಚಿಕ್ಕಪ್ಪಾ, ಅರ್ಜಿ ಹೋಯ್ತು, ನಂಬರ್ ಬಂತು" ಎಂದು ಒಳಗಿಂದ ಕೂಗಿದಳು. ನಾನು ಹೋಗಿ ಈ ಸಲ ಮರೆಯದೆ ಪೆಟ್ಟಿಗೆಯ ಪ್ಲಗ್ ಕಿತ್ತೆ, ಲ್ಯಾಪ್‌ಟಾಪಿನಿಂದ ಚಾರ್ಜರನ್ನೂ ಲ್ಯಾನ್ ತಂತಿಯನ್ನೂ ತೆಗೆದಿಟ್ಟೆ.

ನಮಸ್ಕಾರ.