ಮೀನಿನ ಕಣ್ಣನ್ನು ನೋಡದೆ ಅಂಕ ಹಾಕಬೇಡಿ

(ಹಾಸನದಲ್ಲಿ ನಡೆದ ನೀರೊಳಗಿನ ಛಾಯಾಚಿತ್ರ ಸ್ಪರ್ಧೆಯ ಬಹುಮಾನ ವಿತರಣೆಯಂದು ತೀರ್ಪುಗಾರರಲ್ಲೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸಮುದ್ರವೇ ಇಲ್ಲದ ಹಾಸನದಲ್ಲಿ ಇಂಥದ್ದೊಂದು ಸ್ಪರ್ಧೆ ಏಕೆ ಎಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಬ್ಬ ಹಿರಿಯರು ಕೇಳಿದರು. ಶಿರಾಡಿ ಘಾಟಿ ಇಳಿದರೆ ಸಮುದ್ರವೇ ಅಲ್ಲವೇ ಸ್ವಾಮಿ ಎಂದೆ. ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಲು ಮುರುಡೇಶ್ವರದಲ್ಲಿ ದೋಣಿ ಹತ್ತಿದವರು ಈ ಸಭೆಯಲ್ಲಿಯೇ ಎಷ್ಟು ಜನ ಇದ್ದೀರಿ! ಕೈ ಎತ್ತುವುದು ಬೇಡ, ನಿಮ್ಮ ಚಿತ್ರಗಳನ್ನು ಮೂರು ದಿನದಿಂದ ನೋಡಿದ್ದೇನೆ.

ನನಗೆ ಕೊಟ್ಟ ವಿಷಯ ‘ತೀರ್ಪುಗಾರರು ಏನನ್ನು ನೋಡುತ್ತಾರೆ’ ಎಂಬುದು. ಬೆಳಕು, ಬಣ್ಣ, ಚೌಕಟ್ಟು ಎಂದು ಆರು ಅಂಶ ಬರೆದುಕೊಂಡು ಬಂದಿದ್ದೇನೆ. ಆದರೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಬೇರೆ ಮಾತಿಗೆ ನನ್ನ ಮನಸ್ಸು ಏಳುವುದಿಲ್ಲ.

ಬೇರೊಂದು ಊರಿನ ಸ್ಪರ್ಧೆ. ನಾವು ಮೂವರು ತೀರ್ಪುಗಾರರು. ಕೊನೆಯ ಸುತ್ತಿನಲ್ಲಿ ಪರದೆಯ ಮೇಲೆ ಒಂದು ಪಫರ್ ಮೀನು ಬಂತು. ಚೆಂಡಿನಂತೆ ಉಬ್ಬಿದೆ, ಮೈಮೇಲಿನ ಸಣ್ಣ ಮುಳ್ಳು ಒಂದೊಂದೂ ನಿಮಿರಿದೆ, ಹಿಂದೆ ಅಚ್ಚ ಕಪ್ಪು. ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಿದ್ದ ಹುಡುಗನೂ ‘ಆಹಾ’ ಎಂದ. ಬಲಗಡೆಯವರು ಒಂಬತ್ತು ಒತ್ತಿದರು, ಎಡಗಡೆಯವರೂ ಒಂಬತ್ತು. ನಾನು ಒತ್ತಲಿಲ್ಲ. ಕಣ್ಣಿನ ಭಾಗವನ್ನು ದೊಡ್ಡದು ಮಾಡಿ ತೋರಿಸಪ್ಪಾ ಎಂದೆ. ಆ ಕಣ್ಣು ಕ್ಯಾಮೆರಾದ ಕಡೆಗೆ ಇರಲಿಲ್ಲ. ಚೌಕಟ್ಟಿನ ಎಡ ಅಂಚಿನಾಚೆ, ನಮಗೆ ಕಾಣದ ಏನನ್ನೋ ನೋಡುತ್ತಿತ್ತು.

ಮೂಲ ರಾ ಫೈಲ್ ತರಿಸಿದೆವು. ಕತ್ತರಿಸದ ಚಿತ್ರ. ಎಡ ಅಂಚಿನಲ್ಲಿ ಕಪ್ಪು ಕೈಗವಸಿನ ಎರಡು ಬೆರಳ ತುದಿ.

ಪಫರ್ ಮೀನು ಸಂತೋಷಕ್ಕೆ ಉಬ್ಬುವುದಿಲ್ಲ. ತನ್ನನ್ನು ಯಾರೋ ನುಂಗಲು ಬಂದರು ಎಂದಾಗ ಗಟಗಟನೆ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡು ಉಬ್ಬುತ್ತದೆ. ಅದಕ್ಕೆ ತ್ರಾಣ ಬೇಕು, ಮತ್ತೆ ಇಳಿಯಲು ಹೊತ್ತು ಬೇಕು. ಅಷ್ಟು ಹೊತ್ತು ಅದು ಸರಿಯಾಗಿ ಈಜಲಾರದು. ನಾವು ‘ಆಹಾ’ ಎಂದದ್ದು ಒಂದು ಜೀವದ ದಿಗಿಲಿಗೆ.

‘ನಾವು ನೋಡಬೇಕಾದದ್ದು ಚಿತ್ರವನ್ನೋ, ಮೀನನ್ನೋ?’ ಎಂದು ಬಲಗಡೆಯವರು ಕೇಳಿದರು. ಅವರು ನನಗಿಂತ ಹಿರಿಯರು, ಕತ್ತಲೆ ಕೋಣೆಯಲ್ಲಿ ಕೈ ಕಂದಿಸಿಕೊಂಡು ಕಲಿತವರು. ಪ್ರಶ್ನೆಯನ್ನು ಪ್ರಾಮಾಣಿಕವಾಗಿಯೇ ಕೇಳಿದರು. ಕಾಫಿ ಬಂತು, ಮೂರೂ ಲೋಟದ ಮೇಲೆ ಕೆನೆ ಕಟ್ಟಿತು, ನಮ್ಮ ವಾದ ನಿಲ್ಲಲಿಲ್ಲ. ಮೀನನ್ನು ಬಿಟ್ಟು ಆ ಚಿತ್ರ ಎಲ್ಲಿದೆ ಸರ್ ಎಂದು ನಾನು ಮತ್ತೆ ಮತ್ತೆ ಕೇಳಿದೆ. ಕೊನೆಗೆ ಅವರೇ ಆ ಎರಡು ಬೆರಳನ್ನು ಇನ್ನೊಮ್ಮೆ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಸ್ಪರ್ಧೆಯಿಂದ ತೆಗೆಯಿರಿ’ ಎಂದರು.

ಚಿತ್ರ ತೆಗೆದ ಹುಡುಗ ಆ ರಾತ್ರಿ ಫೋನ್ ಮಾಡಿದ. ‘ಮುಟ್ಟಿದ್ದು ಗೈಡ್, ನಾನು ಕ್ಲಿಕ್ ಮಾಡಿದೆ ಅಷ್ಟೆ’ ಎಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆ ಚಿತ್ರಕ್ಕೆ ಬಹುಮಾನ ಕೊಟ್ಟರೆ ಆ ಬೆರಳುಗಳಿಗೂ ಕೊಟ್ಟಂತೆ, ಮುಂದಿನ ವರ್ಷ ಇನ್ನು ಹತ್ತು ಮೀನು ಉಬ್ಬುತ್ತವೆ ಎಂದೆ. ಅವನು ಒಪ್ಪಿದನೋ ಇಲ್ಲವೋ, ಫೋನ್ ಇಟ್ಟ.

ಮತ್ಸ್ಯಯಂತ್ರದ ಮುಂದೆ ನಿಂತ ಅರ್ಜುನನಿಗೆ ಮೀನಿನ ಕಣ್ಣು ಗುರಿ. ನಮಗೆ ಅದು ಸಾಕ್ಷಿ. ಕಣ್ಣು ಎತ್ತ ತಿರುಗಿದೆ, ರೆಕ್ಕೆ ಬಿಗಿದುಕೊಂಡಿದೆಯೇ, ಬಾಲ ನಮ್ಮ ಕಡೆಗಿದೆಯೇ ಎಂದು ನೋಡಿ. ಕಡಲ ಬಸವನಹುಳುವಿನ ಜಾತಿಯ ನುಡಿಬ್ರಾಂಕ್ ತಾನು ತಿನ್ನುವ ಸ್ಪಂಜಿನ ಮೇಲಿರದೆ, ಸಂಬಂಧವೇ ಇಲ್ಲದ ಚೆಂದದ ಬಣ್ಣದ ಮೇಲೆ ಕುಳಿತಿದ್ದರೆ ಅದನ್ನು ಯಾರೋ ಎತ್ತಿ ಇಟ್ಟಿರಬಹುದು. ಅನುಮಾನ ಬಂದರೆ ಕೇಳಿ. ಕೇಳುವುದು ತೀರ್ಪುಗಾರರ ಹಕ್ಕು.

ಇನ್ನು ಬೆಳಕು. ಬೇಲೂರಿನ ನವರಂಗದೊಳಗೆ ಕಂಬದ ಮೇಲೆ ನೇರ ಟಾರ್ಚ್ ಬಿಟ್ಟರೆ ಕಲ್ಲು ಚಪ್ಪಟೆ. ಅದೇ ಬೆಳಕನ್ನು ಪಕ್ಕಕ್ಕೆ ಸರಿಸಿದರೆ ಶಿಲ್ಪದ ಒಡವೆಯ ಮಣಿ ಮಣಿಯೂ ಎದ್ದು ಬರುತ್ತದೆ. ಸ್ಟ್ರೋಬ್ ಅಂದರೆ ನೀರೊಳಗಿನ ಫ್ಲ್ಯಾಶ್ ದೀಪ ಇಡುವುದೂ ಹಾಗೆಯೇ. ಚಿತ್ರದ ತುಂಬ ಹಿಮ ಸುರಿದಂತೆ ಬಿಳಿ ಚುಕ್ಕೆ ಬಂದಿದೆ ಎಂದು ಹಲವರು ಬೇಸರ ಮಾಡಿಕೊಂಡಿದ್ದೀರಿ. ಸಕಲೇಶಪುರದ ಮಂಜಿನಲ್ಲಿ ಹೈಬೀಮ್ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಎದುರಿಗೆ ಬಿಳಿ ಗೋಡೆಯೇ ಏಳುತ್ತದೆ. ಲೆನ್ಸಿನ ಮುಂದಿನ ನೀರಿನಲ್ಲಿ ತೇಲುವ ಕಣಕ್ಕೆ ಬೆಳಕು ತಾಗದಂತೆ ಸ್ಟ್ರೋಬ್‌ಗಳನ್ನು ಎರಡೂ ಬದಿಗೆ ಅಗಲಿಸಿ, ಮೀನಿಗೆ ಹತ್ತಿರವಾಗಿ. ಹತ್ತಿರ ಎಂದರೆ ಅದು ಬಿಟ್ಟುಕೊಟ್ಟಷ್ಟು ಹತ್ತಿರ.

ಬಣ್ಣದ ಮಾತು ನಿಮಗೆ ಗೊತ್ತಿರುವುದೇ. ನೀರು ಮೊದಲು ಕೆಂಪನ್ನು ನುಂಗುತ್ತದೆ, ಐದಾರು ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚಿನ ಪಾಲು ಹೋಗಿರುತ್ತದೆ. ಬಣ್ಣ ಬೇಕಾದರೆ ಬೆಳಕು ಬೇಕು. 1926ರಲ್ಲಿ ಫ್ಲೋರಿಡಾದ ಡ್ರೈ ಟಾರ್ಟುಗಾಸ್‌ನಲ್ಲಿ ಮೀನುಗಳ ವಿಜ್ಞಾನಿ ವಿಲಿಯಂ ಲಾಂಗ್ಲಿ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ನೀರಿನ ಮೇಲೆ ತೆಪ್ಪ ತೇಲಿಬಿಟ್ಟು, ಅದರಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಿ, ಆ ಬೆಳಕಿನಲ್ಲಿ ಹಾಗ್‌ಫಿಶ್ ಎಂಬ ಮೀನಿನ ಬಣ್ಣದ ಛಾಯಾಚಿತ್ರ ತೆಗೆದರು. ಆ ಸಿಡಿತದ ಕೆಲಸದಲ್ಲಿ ಲಾಂಗ್ಲಿ ಸುಟ್ಟ ಗಾಯವನ್ನೂ ಅನುಭವಿಸಿದರು. ಬೆಳಕಿಗಾಗಿ ಅಷ್ಟು ಪಾಡು ಪಟ್ಟ ಕಾಲ ಅದು. ಈಗ ಬೆಳಕು ನಮ್ಮ ಅಂಗೈಯಲ್ಲಿದೆ, ಉಳಿದಿರುವ ಕಷ್ಟ ಕಾಯುವುದು ಒಂದೇ.

ಕಾಯುವುದನ್ನು ಹಾಸನದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಗಾಗಿ ರಾತ್ರಿಯಿಡೀ ಸಾಲಿನಲ್ಲಿ ನಿಲ್ಲುವ ಊರು ಇದು. ಫ್ರೆಂಚ್ ಪಾಲಿನೇಷ್ಯಾದ ಫಕರಾವಾದಲ್ಲಿ ಗ್ರೂಪರ್ ಮೀನುಗಳು ವರ್ಷಕ್ಕೊಮ್ಮೆ, ಜುಲೈ ಹುಣ್ಣಿಮೆಯ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತವೆ. ಆ ಒಂದು ಕ್ಷಣಕ್ಕಾಗಿ ಫ್ರೆಂಚ್ ಛಾಯಾಗ್ರಾಹಕ ಲೋರಾಂ ಬಲ್ಲೆಸ್ತಾ ಐದು ವರ್ಷ ಅಲ್ಲಿಗೆ ಮರಳಿ ಮರಳಿ ಹೋದರು. ಮೊಟ್ಟೆ, ವೀರ್ಯ ಬೆರೆತ ಹಾಲಿನಂಥ ಮೋಡದಿಂದ ಮೀನುಗಳು ಹೊರಗೆ ಬರುವ ಆ ಚಿತ್ರಕ್ಕೆ 2021ರ ವರ್ಷದ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿ ಬಂತು. ಅಲ್ಲಿ ಮೀನುಗಳಿಗೆ ಕ್ಯಾಮೆರಾದ ಪರಿವೆಯೇ ಇಲ್ಲ, ತಮ್ಮ ಕೆಲಸದಲ್ಲಿ ತಾವಿವೆ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ, ಐದು ನಿಮಿಷ. ಚೌಕಟ್ಟು, ಕತ್ತರಿಸುವಿಕೆ, ತಿದ್ದುವ ತಂತ್ರಾಂಶದ ಮಿತಿ, ಈ ಮೂರನ್ನೂ ಬಿಡುತ್ತೇನೆ. ಊಟದ ಹೊತ್ತಿನಲ್ಲಿ ಕೇಳಿ, ಹೇಳುತ್ತೇನೆ.

ಒಂದು ಬೇಡಿಕೆಯನ್ನು ಮಾತ್ರ ಇಟ್ಟುಬಿಡುತ್ತೇನೆ. ಮುಂದಿನ ವರ್ಷ ಸಿಹಿನೀರಿಗೆ ಪ್ರತ್ಯೇಕ ವಿಭಾಗ ಮಾಡಿ. ಹೇಮಾವತಿ, ಯಗಚಿ, ತುಂಗೆ, ಭದ್ರೆ ನಮ್ಮ ಅಂಗಳದಲ್ಲಿರುವಾಗ ಬಂದ ಚಿತ್ರಗಳೆಲ್ಲ ಉಪ್ಪುನೀರಿನವು. ಶೆಟ್ಟಿಹಳ್ಳಿಯ ಚರ್ಚು ಹಿನ್ನೀರಿನಲ್ಲಿ ಅರ್ಧ ಮುಳುಗಿದಾಗ ಎಲ್ಲರೂ ದಡದಿಂದಲೇ ತೆಗೆಯುತ್ತೇವೆ, ಆ ನೀರಿನಲ್ಲಿ ಬದುಕುವ ಮೀನನ್ನು ಕೇಳಿದವರಿಲ್ಲ. ಮತ್ತೆ, ತೀರ್ಪುಗಾರರಾಗುವ ಆಸೆಯಿರುವ ಕಿರಿಯರು ಶೃಂಗೇರಿಗೆ ಹೋಗಿ ಮಠದ ಘಟ್ಟದ ಮೆಟ್ಟಿಲ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತು ಬನ್ನಿ. ಅಲ್ಲಿ ಮೀನು ಹಿಡಿಯುವಂತಿಲ್ಲ. ಮನುಷ್ಯರ ಭಯವಿಲ್ಲದ ಮೀನು ರೆಕ್ಕೆಯನ್ನು ಹೇಗೆ ಇಟ್ಟುಕೊಂಡಿರುತ್ತದೆ, ಎಷ್ಟು ನಿಧಾನ ತಿರುಗುತ್ತದೆ ಎಂಬುದನ್ನು ಕಣ್ಣಿಗೆ ತುಂಬಿಕೊಳ್ಳಿ.

ಮೊದಲ ಬಹುಮಾನದ ಹೆಸರನ್ನು ಅಧ್ಯಕ್ಷರು ಹೇಳುತ್ತಾರೆ, ನಾನು ಚಿತ್ರವನ್ನಷ್ಟೇ ತೋರಿಸುತ್ತೇನೆ. ನೋಡಲು ಸಾದಾ ಚಿತ್ರ. ಮರಳು, ಒಂದು ಬಿಲ, ಬಾಗಿಲಲ್ಲಿ ಒಂದು ಗೋಬಿ ಮೀನು. ಬಿಲ ತೋಡುವ ಸೀಗಡಿಗೆ ದೃಷ್ಟಿ ಮಂದ. ಗೋಬಿ ಕಾವಲು ನಿಂತರೆ ಸೀಗಡಿ ತನ್ನ ಮೀಸೆಯನ್ನು ಅದರ ಮೈಗೆ ತಾಗಿಸಿಕೊಂಡು ಹೊರಗೆ ಬಂದು ಕೆಲಸ ಮಾಡುತ್ತದೆ. ಗೋಬಿ ಒಮ್ಮೆ ಬಾಲ ಕಂಪಿಸಿದರೆ ಸಾಕು, ಸೀಗಡಿ ಒಳಗೆ. ಇಲ್ಲಿ ಸೀಗಡಿ ಪೂರ್ತಿ ಹೊರಗಿದೆ, ಮರಳು ಹೊತ್ತು ತರುತ್ತಿದೆ. ಗೋಬಿ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದೆ.

ದಯವಿಟ್ಟು ದೀಪ ಆರಿಸಿ. ಬಲಗಡೆ, ಬಾಲದ ಬುಡದಲ್ಲಿ ಆ ಮೀಸೆ ತಾಗಿರುವುದು ಹಿಂದಿನ ಸಾಲಿನವರಿಗೂ ಕಾಣಲಿ.